ಸೆಮ್ ಎಂಬ ಊರು ಪಟ್ಟಿಯಲ್ಲಿಲ್ಲ: ವಿಲೀನಗೊಂಡ ಒಂದು ಫ್ರೆಂಚ್ ಕಮ್ಯೂನ್ ಬಗ್ಗೆ ಪ್ರಶ್ನೆ

ಪ್ರಶ್ನೆ ಕೇಳಿದವರು: ತುಲೂಜ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ನಾಲ್ಕು ವರ್ಷಗಳಿಂದ ಫ್ರಾನ್ಸಿನ ತುಲೂಜ್ ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಮನೆಯ ಒಡತಿಗೆ ಈಗ ತೊಂಬತ್ತೆರಡು ವರ್ಷ. ಕಣ್ಣು ಮಂಜಾಗಿರುವುದರಿಂದ ಅವರಿಗೆ ಬಂದ ಪತ್ರಗಳನ್ನು ಓದಿ ಹೇಳುವುದು, ಅರ್ಜಿಗಳನ್ನು ತುಂಬಿಕೊಡುವುದು ನನ್ನ ಪಾಲಿಗೆ ಬಂದಿದೆ. ಅದನ್ನು ನಾನು ಸಂತೋಷದಿಂದಲೇ ಮಾಡುತ್ತೇನೆ. ಕಳೆದ ವಾರ ಮನೆಗೆಲಸಕ್ಕೆ ನೆರವು ಕೋರುವ ಅರ್ಜಿಯೊಂದನ್ನು ಕಂಪ್ಯೂಟರಿನಲ್ಲಿ ತುಂಬುತ್ತಿದ್ದಾಗ "ಹುಟ್ಟಿದ ಊರು" ಎಂಬಲ್ಲಿಗೆ ಬಂದು ನಿಂತುಬಿಟ್ಟೆವು. ಅಲ್ಲಿ ನಾವಾಗಿ ಏನನ್ನೂ ಬರೆಯುವಂತಿಲ್ಲ, ಕೊಟ್ಟಿರುವ ಪಟ್ಟಿಯಿಂದಲೇ ಆರಿಸಬೇಕು. ಅವರು ಹುಟ್ಟಿದ್ದು ಪಿರನೀಸ್ ಪರ್ವತಗಳ ನಡುವೆ, ಆರಿಯೇಜ್ ಜಿಲ್ಲೆಯ ಸೆಮ್ ಎಂಬ ಪುಟ್ಟ ಹಳ್ಳಿಯಲ್ಲಿ. ಪಟ್ಟಿಯಲ್ಲಿ ಸೆಮ್ ಇಲ್ಲ. ಹುಡುಕಿದಾಗ ಅದರ ಬದಲಿಗೆ "ವಾಲ್-ದೆ-ಸೋಸ್" ಎಂಬ ಹೆಸರು ಸಿಕ್ಕಿತು. ಸೆಮ್ ಸೇರಿದಂತೆ ನಾಲ್ಕು ಹಳ್ಳಿಗಳ ಕಮ್ಯೂನ್‌ಗಳು, ಅಂದರೆ ಊರಿನ ಮಟ್ಟದ ಆಡಳಿತ ಘಟಕಗಳು, ವಿಲೀನಗೊಂಡು ಆದ ಹೊಸ ಕಮ್ಯೂನ್ ಅದು. ಆ ಹೆಸರನ್ನು ಓದಿ ಹೇಳಿದಾಗ ಅವರು ಲೇಖನಿಯನ್ನು ಮೇಜಿನ ಮೇಲಿಟ್ಟು, "ಆ ಹೆಸರಿನ ಊರಿನಲ್ಲಿ ನಾನು ಹುಟ್ಟಿಲ್ಲ" ಎಂದರು. ಅರ್ಜಿ ಅಲ್ಲಿಗೇ ನಿಂತಿದೆ.

ಹಿಂದಿನ ಬೇಸಿಗೆಯಲ್ಲಿ ನಾನು ಆ ಕಣಿವೆಗೆ ಹೋಗಿಬಂದಿದ್ದೆ. ತುಲೂಜ್‌ನಿಂದ ರೈಲಿನಲ್ಲಿ ತಾರಾಸ್ಕೋಂ ತಲುಪಿ, ಅಲ್ಲಿಂದ ಹೊಳೆಯ ಪಕ್ಕದ ದಾರಿ ಹಿಡಿದು ಮೇಲೆ ಹೋದರೆ ವಿಕ್‌ದೆಸೋಸ್ ಸಿಗುತ್ತದೆ. ಸೆಮ್ ಇರುವುದು ಅಲ್ಲಿಂದ ಇನ್ನೂ ಮೇಲೆ, ಬೆಟ್ಟದ ಇಳಿಜಾರಿನಲ್ಲಿ. ಊರಿನ ಬಳಿ ಸಣ್ಣ ಕಲ್ಲುಗಳ ಮೇಲೆ ಒಂದು ಭಾರೀ ಬಂಡೆ ಕೂತಿದೆ. ನಮ್ಮ ಕಡೆಯಲ್ಲಾಗಿದ್ದರೆ ಭೀಮನ ಹೆಸರು ಬರುತ್ತಿತ್ತು, ಅಲ್ಲಿ ಅದಕ್ಕೆ ಬೈಬಲ್ಲಿನ ಸಂಸೋನನ ಹೆಸರಿದೆ. ಊರು ನನ್ನ ಕಣ್ಣೆದುರಿಗೇ ಇತ್ತು, ಮನೆಗಳಿದ್ದವು, ಚರ್ಚ್ ಇತ್ತು. ಹಾಗಿದ್ದರೂ ಪಟ್ಟಿಯಲ್ಲಿ ಏಕಿಲ್ಲ?

ನನ್ನ ಪ್ರಶ್ನೆಗಳು ಇವು. ಅರ್ಜಿಯಲ್ಲಿ ಯಾವ ಹೆಸರು ಬರೆದರೆ ಕಾನೂನಿನ ಪ್ರಕಾರ ಸರಿ? ನಾಲ್ಕು ಹಳ್ಳಿಗಳನ್ನು ಸೇರಿಸಿ ಒಂದು ಮಾಡಲು ತೀರ್ಮಾನಿಸಿದವರು ಯಾರು, ಊರಿನ ಜನರನ್ನು ಕೇಳಿದ್ದರೇ? ನಮ್ಮಲ್ಲಿ ಒಂದು ಗ್ರಾಮ ಪಂಚಾಯಿತಿಯ ಕೆಳಗೆ ಹಲವು ಹಳ್ಳಿಗಳಿರುವುದು ಸಹಜ, ಅದರಿಂದ ಯಾವ ಹಳ್ಳಿಯ ಹೆಸರೂ ಅಳಿಸಿಹೋಗುವುದಿಲ್ಲ. ಇಲ್ಲಿ ಮಾತ್ರ ಈ ವಿಷಯ ಇಷ್ಟು ನೋಯಿಸುವುದು ಏಕೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

---

ಉತ್ತರ 1: ಲಿಯೋಂನ ಅನುವಾದಕ

ಮೊದಲು ಅರ್ಜಿಯ ವಿಷಯ. ತಮ್ಮ ಮನೆಯೊಡತಿ ಹೇಳಿದ್ದೇ ಸರಿ. ಫ್ರಾನ್ಸಿನಲ್ಲಿ ಹುಟ್ಟಿದ ಸ್ಥಳವೆಂದರೆ ಹುಟ್ಟಿದ ದಿನ ಆ ಕಮ್ಯೂನಿಗೆ ಇದ್ದ ಹೆಸರು. ಅವರ ಜನನ ದಾಖಲೆಯಲ್ಲಿ ಸೆಮ್ ಎಂದೇ ಇದೆ, ನಾಳೆ ನಕಲು ತರಿಸಿದರೂ ಸೆಮ್ ಎಂದೇ ಬರುತ್ತದೆ. ಬದಲಾಗಿರುವುದು ಆ ನಕಲನ್ನು ಕೊಡುವ ಕಚೇರಿ ಮಾತ್ರ. ಈಗ ಅದನ್ನು ವಾಲ್-ದೆ-ಸೋಸ್‌ನ ಮೇರಿಯಿಂದ, ಅಂದರೆ ಅಲ್ಲಿನ ಪುರಸಭಾ ಕಚೇರಿಯಿಂದ, ಕೇಳಿ ಪಡೆಯಬೇಕು. ಇವತ್ತು ಅಸ್ತಿತ್ವದಲ್ಲಿರುವ ಕಮ್ಯೂನ್‌ಗಳನ್ನು ಮಾತ್ರ ಪಟ್ಟಿಗೆ ತುಂಬಿದ್ದು ಆ ಜಾಲತಾಣವನ್ನು ಮಾಡಿದವರ ತಪ್ಪು. ರದ್ದಾದ ಕಮ್ಯೂನ್‌ಗಳ ಹೆಸರು, ದಿನಾಂಕ ಎಲ್ಲವನ್ನೂ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ಪ್ರಕಟಿಸುತ್ತದೆ, ಅದನ್ನು ಬಳಸಿಕೊಳ್ಳಬಹುದಿತ್ತು. ತಾವು ಕಾಗದದ ಅರ್ಜಿಯನ್ನು ಕೇಳಿ ಪಡೆದು ಕೈಯಿಂದ ಸೆಮ್ ಎಂದು ಬರೆದು ಕಳಿಸಿ.

ಇನ್ನು ನೋವಿನ ವಿಷಯ. ಕಮ್ಯೂನನ್ನು ಗ್ರಾಮ ಪಂಚಾಯಿತಿಗೆ ಹೋಲಿಸಿದಾಗ ಒಂದು ಮುಖ್ಯ ವ್ಯತ್ಯಾಸ ಕೈಬಿಟ್ಟುಹೋಗುತ್ತದೆ. ಕ್ರಾಂತಿಯ ವರ್ಷದಲ್ಲಿ, 1789ರ ಡಿಸೆಂಬರ್ 14ರ ಶಾಸನದಿಂದ, ಅದುವರೆಗೆ ಒಂದು ಚರ್ಚಿನ ಸುತ್ತ ಬದುಕುತ್ತಿದ್ದ ಹೆಚ್ಚುಕಡಿಮೆ ಪ್ರತಿಯೊಂದು ಊರಿಗೂ ತನ್ನದೇ ಪುರಸಭೆ ದೊರೆಯಿತು. ಆಗ ಸುಮಾರು 44,000 ಕಮ್ಯೂನ್‌ಗಳಾದವು. ಪ್ಯಾರಿಸ್ ಕೂಡ ಕಮ್ಯೂನ್, ಮೂವತ್ತು ಜನರ ಗುಡ್ಡದ ಹಳ್ಳಿಯೂ ಕಮ್ಯೂನ್. ಎರಡಕ್ಕೂ ಮೇಯರ್ ಇರುತ್ತಾರೆ, ಮದುವೆ ಮಾಡಿಸುವ ಅಧಿಕಾರವಿರುತ್ತದೆ, ಸ್ವಂತ ಆಯವ್ಯಯವಿರುತ್ತದೆ. ನೂರು ಜನವೂ ಇಲ್ಲದ ಊರಿಗೆ ಒಂಬತ್ತು ಮಂದಿ ಸದಸ್ಯರ ಪರಿಷತ್ತು ಎಂದು 2014ರವರೆಗೆ ಬಹುಕಾಲ ನಿಯಮವಿತ್ತು. ಸೆಮ್‌ನಂಥ ಕಡೆ ಅದರ ಅರ್ಥ, ಎರಡು ಮೂರು ಮನೆಗೊಬ್ಬರಂತೆ ಊರಿನ ಆಡಳಿತದಲ್ಲಿ ಪಾಲುದಾರರು ಎಂದು. ಹೀಗೆ ಇನ್ನೂರು ವರ್ಷ ಕಳೆದ ಮೇಲೆ ಪರಿಷತ್ತು ಎಂಬುದು ಆಡಳಿತದ ಒಂದು ಅಂಗವಾಗಿ ಉಳಿಯುವುದಿಲ್ಲ, ಊರಿನ ಮಾನವೇ ಆಗಿಬಿಡುತ್ತದೆ.

ಆದರೆ ಮೂವತ್ತು ಜನರ ಕಮ್ಯೂನಿಗೂ ರಸ್ತೆ ಇದೆ, ಚಳಿಗಾಲದಲ್ಲಿ ಹಿಮ ತೆಗೆಸಬೇಕು, ನೀರಿನ ಕೊಳವೆ ಒಡೆದರೆ ರಿಪೇರಿ ಮಾಡಿಸಬೇಕು, ಚರ್ಚಿನ ಚಾವಣಿ ಸೋರಿದರೆ ಅದೂ ಕಮ್ಯೂನಿನದೇ ಹೊಣೆ. ವಯಸ್ಸಾದ ಮೇಯರ್ ಕೆಳಗಿಳಿದರೆ ಆ ಕುರ್ಚಿಗೆ ಮತ್ತೊಬ್ಬರು ಸಿಗುವುದೇ ಕಷ್ಟ. ಬೆಲ್ಜಿಯಂ ಇದೇ ಪ್ರಶ್ನೆಗೆ ಒಂದೇ ಏಟಿನ ಉತ್ತರ ಕೊಟ್ಟಿತು: 1977ರಲ್ಲಿ ಅಲ್ಲಿನ 2,359 ಕಮ್ಯೂನ್‌ಗಳು 596ಕ್ಕೆ ಇಳಿದವು. ಫ್ರಾನ್ಸ್ ಬಲವಂತಕ್ಕೆ ಹೋಗದೆ ಒಲಿಸುವ ದಾರಿ ಹಿಡಿಯಿತು. 1971ರ ಜುಲೈ 16ರ ಕಾನೂನು ಹೆಚ್ಚು ಫಲ ಕೊಡಲಿಲ್ಲ, ಆಗ ಸೇರಿದವರಲ್ಲಿ ಕೆಲವರು ಆಮೇಲೆ ಬೇರೆಯಾದರು. 2010ರ ಡಿಸೆಂಬರ್ 16ರ ಕಾನೂನು "ಹೊಸ ಕಮ್ಯೂನ್" ಎಂಬ ರೂಪವನ್ನು ತಂದಿತು. 2015ರ ಮಾರ್ಚ್‌ನಲ್ಲಿ ಅದನ್ನು ತಿದ್ದಿ, ಸೇರಿಕೊಂಡವರಿಗೆ ಕೇಂದ್ರ ಸರ್ಕಾರದಿಂದ ಬರುವ ಅನುದಾನ ಮೂರು ವರ್ಷ ಕಡಿಮೆಯಾಗದು ಎಂಬ ಭರವಸೆ ಕೊಟ್ಟರು. ಅಲ್ಲಿಂದ ವಿಲೀನಗಳಿಗೆ ವೇಗ ಬಂತು. 2014ರಲ್ಲಿ ಸುಮಾರು 36,700 ಇದ್ದ ಕಮ್ಯೂನ್‌ಗಳು 2019ರ ಆರಂಭಕ್ಕೆ 35,000ದ ಕೆಳಗಿಳಿದವು; 2025ರ ಜನವರಿ 1ರಂದು 34,875 ಇದ್ದವು.

ವಾಲ್-ದೆ-ಸೋಸ್ ಹುಟ್ಟಿದ್ದು 2019ರ ಜನವರಿ 1ರಂದು. ವಿಕ್‌ದೆಸೋಸ್, ಗೂಲಿಯೇ, ಸೆಮ್, ಸ್ಯೂಕ್-ಎ-ಸೆಂತನಾಕ್ ಎಂಬ ನಾಲ್ಕು ಕಮ್ಯೂನ್‌ಗಳು ಸೇರಿದವು, ಕೇಂದ್ರ ವಿಕ್‌ದೆಸೋಸ್‌ನಲ್ಲಿದೆ. ಪಕ್ಕದ ಓಜಾ ಸೇರದೆ ಪ್ರತ್ಯೇಕವಾಗಿ ಉಳಿದಿದೆ. ನಾಲ್ಕನ್ನೂ ಸೇರಿಸಿದರೂ ಜನಸಂಖ್ಯೆ ಸಾವಿರ ಮುಟ್ಟುವುದಿಲ್ಲ. ತೀರ್ಮಾನ ಯಾರದು ಎಂದು ಕೇಳಿದ್ದೀರಿ. ಕಾನೂನಿನಂತೆ, ಸೇರಬೇಕಾದ ಎಲ್ಲ ಪರಿಷತ್ತುಗಳೂ ಒಪ್ಪಿ ನಿರ್ಣಯ ಮಾಡಿದರೆ ಜನಮತ ಬೇಕಾಗಿಲ್ಲ, ಜಿಲ್ಲೆಯಲ್ಲಿ ಸರ್ಕಾರದ ಪ್ರತಿನಿಧಿಯಾದ ಪ್ರಿಫೆಕ್ಟ್ ಆದೇಶ ಹೊರಡಿಸುತ್ತಾರೆ. ಯಾವುದಾದರೂ ಪರಿಷತ್ತು ಒಪ್ಪದೆ ಉಳಿದು, ಮೂರರಲ್ಲಿ ಎರಡು ಪಾಲು ಜನರನ್ನು ಪ್ರತಿನಿಧಿಸುವ ಮೂರರಲ್ಲಿ ಎರಡು ಪಾಲು ಪರಿಷತ್ತುಗಳು ಮಾತ್ರ ಒಪ್ಪಿದ್ದರೆ, ಆಗ ಮತದಾರರನ್ನು ಕೇಳಲೇಬೇಕು.

ಹೆಸರಿನ ಬಗ್ಗೆ ಒಂದು ಮಾತು ಹೇಳದೆ ಮುಗಿಸಲಾರೆ, ಏಕೆಂದರೆ ಇಲ್ಲಿ ನನಗೆ ತಮ್ಮ ಮನೆಯೊಡತಿಯವರೊಡನೆ ಸಣ್ಣ ಭಿನ್ನಾಭಿಪ್ರಾಯವಿದೆ. ವಾಲ್ ಎಂದರೆ ಕಣಿವೆ. ಸೋಸ್ ಎಂಬುದು ಈ ಕಣಿವೆಯ ಹಳೆಯ ಹೆಸರು. ವಿಕ್‌ದೆಸೋಸ್ ಎಂದರೂ "ಸೋಸ್‌ನ ಊರು" ಎಂದೇ ಅರ್ಥ, ಮೇಲಿನ ಬಂಡೆಗುಡ್ಡದಲ್ಲಿ ಪಾಳುಬಿದ್ದಿರುವ ಕೋಟೆಗೂ ಮೋಂರೆಯಾಲ್-ದೆ-ಸೋಸ್ ಎಂಬ ಹೆಸರಿದೆ. ಸೆಮ್‌ನ ಮೇಲಿರುವ ರಾಂಸಿಯೇ ಬೆಟ್ಟದಲ್ಲಿ ಕಬ್ಬಿಣದ ಅದಿರಿತ್ತು. 1293ರಲ್ಲಿ ಫ್ವಾ ಸಂಸ್ಥಾನದ ಕೌಂಟ್ ಕೊಟ್ಟ ಸನ್ನದಿನ ಪ್ರಕಾರ ಆ ಅದಿರನ್ನು ಅಗೆಯುವ ಹಕ್ಕು ಒಬ್ಬ ಒಡೆಯನಿಗಲ್ಲ, ಒಂದು ಹಳ್ಳಿಗೂ ಅಲ್ಲ, ಕಣಿವೆಯ ಎಲ್ಲ ನಿವಾಸಿಗಳಿಗೂ ಸೇರಿತ್ತು. ಅದಿರನ್ನು ಬೆನ್ನ ಮೇಲಿನ ಬುಟ್ಟಿಗಳಲ್ಲಿ ಹೊತ್ತು ಸುರಂಗದಿಂದ ಹೊರತರುತ್ತಿದ್ದರು. ಗಣಿ ಮುಚ್ಚಿದ್ದು 1931ರಲ್ಲಿ. ಹಾಗಾಗಿ ನಾಲ್ಕು ಕಮ್ಯೂನ್‌ಗಳ ಗಡಿಗಿಂತ ಕಣಿವೆಯ ಒಗ್ಗಟ್ಟು ಐದು ಶತಮಾನ ಹಳೆಯದು. ಹೊಸ ಹೆಸರು ಯಾರೋ ಕಚೇರಿಯಲ್ಲಿ ಕೂತು ಕಟ್ಟಿದ್ದಲ್ಲ ಎಂಬುದನ್ನು ಅವರಿಗೆ ತಿಳಿಸಿ.

---

ಉತ್ತರ 2: ನಾರ್ಮಂಡಿಯ ಸೊಸೆ

ಮೇಲಿನವರ ವಿವರಣೆ ತುಂಬ ಉಪಯುಕ್ತವಾಗಿದೆ, ಆದರೆ ಕೊನೆಯ ಭಾಗವನ್ನು ನಾನು ಒಪ್ಪಲಾರೆ. 1293ರ ಸನ್ನದು ಅದಿರಿಗೆ ಸಂಬಂಧಿಸಿದ್ದು. ಒಂದು ಊರಿನಲ್ಲಿ ಮನೆ ಕಟ್ಟಲು ಯಾರನ್ನು ಕೇಳಬೇಕು, ಸತ್ತವರನ್ನು ಎಲ್ಲಿ ಮಣ್ಣುಮಾಡಬೇಕು, ಬಸ್ಸು ನಿಲ್ಲುವ ಜಾಗದಲ್ಲಿ ದೀಪ ಬೇಕೋ ಬೇಡವೋ ಎಂಬುದನ್ನೆಲ್ಲ ಇನ್ನೂರು ವರ್ಷ ತೀರ್ಮಾನಿಸಿದ್ದು ಸೆಮ್‌ನವರೇ. ಕಣಿವೆಯ ಹೆಸರು ಎಷ್ಟೇ ಹಳೆಯದಾಗಿರಲಿ, ಅಜ್ಜಿ ಕಳೆದುಕೊಂಡಿರುವುದು ಈ ತೀರ್ಮಾನದ ಹಕ್ಕನ್ನು.

ನನ್ನ ಗಂಡನ ಊರು ನಾರ್ಮಂಡಿಯಲ್ಲಿದೆ. 2012ರಲ್ಲಿ ನಮ್ಮ ಮದುವೆ ನೋಂದಾಯಿಸಿದ ಮೇಯರ್ ಹಸು ಸಾಕುವ ರೈತರು. ಬೆಳಗಿನ ಹಾಲು ಕರೆದು ಮುಗಿಸಿ, ಸ್ನಾನ ಮಾಡಿ, ಮೂರು ಬಣ್ಣದ ಪಟ್ಟಿ ಹೆಗಲಿಗೆ ಹಾಕಿಕೊಂಡು ಬಂದಿದ್ದರು. ನನ್ನ ತಂದೆಯ ಹೆಸರನ್ನು ತಪ್ಪಿಲ್ಲದೆ ಓದಬೇಕೆಂದು ಹಿಂದಿನ ದಿನ ಮನೆಗೇ ಬಂದು ನನ್ನಿಂದ ನಾಲ್ಕು ಸಲ ಹೇಳಿಸಿಕೊಂಡು ಹೋಗಿದ್ದರು. 2016ರಲ್ಲಿ ನಮ್ಮ ಊರು ಅಕ್ಕಪಕ್ಕದ ಹಲವು ಊರುಗಳ ಜೊತೆ ಸೇರಿತು. ಪರಿಷತ್ತುಗಳೆಲ್ಲ ಒಪ್ಪಿದ್ದರಿಂದ ನಮ್ಮನ್ನು ಯಾರೂ ಕೇಳಲಿಲ್ಲ. ಆ ರೈತರೇ "ನಿಯೋಜಿತ ಮೇಯರ್" ಎಂದು ಸ್ವಲ್ಪ ಕಾಲ ಮುಂದುವರಿದರು. ಈಗ ಮೇರಿಯ ಬಾಗಿಲು ವಾರಕ್ಕೆ ಒಂದು ಮಧ್ಯಾಹ್ನ ತೆರೆಯುತ್ತದೆ.

ಕಾಗದದ ಮೇಲೆ ಸಣ್ಣದಾಗಿ ಕಾಣುವ ಒಂದು ಸಂಗತಿಯನ್ನು ಹೇಳುತ್ತೇನೆ. ಸೇರಿದ ಪ್ರತಿ ಊರಿನಲ್ಲಿಯೂ ಒಂದು "ಚರ್ಚ್ ಬೀದಿ" ಇತ್ತು. ಒಂದೇ ಕಮ್ಯೂನಾದ ಮೇಲೆ ಒಂದೇ ಹೆಸರಿನ ಬೀದಿಗಳು ಐದಾದವು, ಅಂಚೆಯ ಸಂಕೇತವೂ ಒಂದೇ. ನನ್ನ ಅತ್ತೆಯವರಿಗೆ ಉಸಿರಾಟದ ತೊಂದರೆಯಾದ ರಾತ್ರಿ ಕರೆಸಿದ ಆಂಬ್ಯುಲೆನ್ಸ್ ಎಂಟು ಕಿಲೋಮೀಟರ್ ಆಚೆಯ ಚರ್ಚ್ ಬೀದಿಗೆ ಹೋಗಿ, ಅಲ್ಲಿ ನಿದ್ದೆಯಲ್ಲಿದ್ದವರನ್ನು ಎಬ್ಬಿಸಿ, ಆಮೇಲೆ ನಮ್ಮಲ್ಲಿಗೆ ಬಂತು. ಅವರು ಬದುಕಿಕೊಂಡರು. ಅದಾದ ಮೇಲೆ ನಮ್ಮ ಬೀದಿಗೆ ಹೊಸ ಹೆಸರಿಟ್ಟರು. ನಲವತ್ತು ವರ್ಷ ಒಂದೇ ವಿಳಾಸ ಬರೆದ ಅತ್ತೆ ಈಗಲೂ ಲಕೋಟೆಯ ಹಿಂದೆ ಹಳೆಯದನ್ನೇ ಬರೆಯುತ್ತಾರೆ, ಅಂಚೆಯವರಿಗೆ ಅಭ್ಯಾಸವಾಗಿದೆ.

ಒಳ್ಳೆಯದೇನೂ ಆಗಿಲ್ಲ ಎಂದರೆ ಅನ್ಯಾಯವಾದೀತು. ಮೊದಲು ಗುಮಾಸ್ತೆಯೊಬ್ಬರು ಮೂರು ಊರುಗಳ ನಡುವೆ ಕಾರಿನಲ್ಲಿ ಓಡಾಡುತ್ತ ಎಲ್ಲ ಕೆಲಸವನ್ನೂ ಅರೆಬರೆ ಮಾಡಬೇಕಾಗುತ್ತಿತ್ತು. ಈಗ ಪೂರ್ಣಾವಧಿಯ ಸಿಬ್ಬಂದಿ ಇದ್ದಾರೆ, ಕಟ್ಟಡದ ಪರವಾನಗಿ ಕಾನೂನು ಬಲ್ಲವರ ಕೈಯಿಂದ ಬರುತ್ತದೆ. ಆದರೆ ಆ ಸಿಬ್ಬಂದಿ ಇರುವುದು ಕೇಂದ್ರದ ಊರಿನಲ್ಲಿ, ಕಾರು ಓಡಿಸಲಾರದ ಮುದುಕಿಗೆ ಅಲ್ಲಿಗೆ ಹೋಗುವ ಬಸ್ಸಿಲ್ಲ. ಹಳ್ಳಿಗಳನ್ನು ಸೇರಿಸುವವರು ಮೊದಲು ಈ ಬಸ್ಸಿನ ಬಗ್ಗೆ ಮಾತಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

---

ಉತ್ತರ 3: ಇತಿಹಾಸದ ವಿದ್ಯಾರ್ಥಿ

ಇದಕ್ಕಿಂತಲೂ ಚಿಕ್ಕದಾದ ಇನ್ನೊಂದು ವಿಲೀನವನ್ನು ನಾನು ನೋಡಿದ್ದೇನೆ. ಅದೂ 2019ರ ಜನವರಿ 1ರಂದೇ ಆದದ್ದು. ಈಶಾನ್ಯ ಫ್ರಾನ್ಸಿನ ವರ್ಡನ್ ಬಳಿ ದ್ವೋಮೋಂ ಮತ್ತು ವೋ ಎಂಬ ಎರಡು ಕಮ್ಯೂನ್‌ಗಳು ಸೇರಿ ದ್ವೋಮೋಂ-ವೋ ಆಯಿತು. ಎರಡೂ ಕಡೆಯ ಜನರನ್ನು ಒಟ್ಟುಗೂಡಿಸಿದರೆ ನೂರನ್ನು ದಾಟುವುದಿಲ್ಲ.

1916ರ ಫೆಬ್ರವರಿ 21ರಿಂದ ಡಿಸೆಂಬರ್ 18ರವರೆಗೆ ನಡೆದ ವರ್ಡನ್ ಯುದ್ಧದಲ್ಲಿ ಎರಡೂ ಹಳ್ಳಿಗಳು ನೆಲಸಮವಾದವು. ವೋ ಸ್ವಲ್ಪ ದೂರದಲ್ಲಿ ಚಿಕ್ಕದಾಗಿ ಮತ್ತೆ ಎದ್ದಿತು. ಹಳೆಯ ದ್ವೋಮೋಂ ಮತ್ತೆ ಏಳಲಿಲ್ಲ. ಆ ಹಳ್ಳಿ ಇದ್ದ ಜಾಗದಲ್ಲಿ ಈಗ ನಡೆದರೆ ಕಾಲಡಿಯ ನೆಲ ಸಮನಾಗಿಲ್ಲ, ಗುಂಡಿ, ದಿಬ್ಬ, ಮತ್ತೆ ಗುಂಡಿ. ಶೆಲ್ಲುಗಳು ಬಿದ್ದ ಗುಳಿಗಳ ಮೇಲೆ ಹುಲ್ಲು ಬೆಳೆದಿದೆ. ಇದೇ ಕಮ್ಯೂನಿನ ಎಲ್ಲೆಯಲ್ಲಿರುವ ಅಸ್ಥಿಮಂದಿರದಲ್ಲಿ ಗುರುತು ಸಿಗದ ಸುಮಾರು 1,30,000 ಸೈನಿಕರ ಎಲುಬುಗಳಿವೆ, ಫ್ರೆಂಚರದೂ ಜರ್ಮನರದೂ ಒಟ್ಟಿಗೆ. 1984ರಲ್ಲಿ ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ ಮತ್ತು ಜರ್ಮನಿಯ ಚಾನ್ಸೆಲರ್ ಕೋಲ್ ಕೈ ಕೈ ಹಿಡಿದು ನಿಂತದ್ದು ಅದರ ಮುಂದೆಯೇ.

ಸುತ್ತಮುತ್ತ ಬೊಮೋಂ, ಬೆಜೋಂವೋ, ಫ್ಲರಿ ಮುಂತಾದ ಆರು ಕಮ್ಯೂನ್‌ಗಳಲ್ಲಿ ಇವತ್ತಿಗೂ ಒಬ್ಬ ನಿವಾಸಿಯೂ ಇಲ್ಲ. ಆದರೂ ಅವುಗಳನ್ನು ಯಾರೊಡನೆಯೂ ಸೇರಿಸಿಲ್ಲ. ಮತದಾರರಿಲ್ಲದ ಕಾರಣ ಪ್ರಿಫೆಕ್ಟ್ ಅವರೇ ಪ್ರತಿಯೊಂದಕ್ಕೂ ಮೂವರ ಮಂಡಳಿಯನ್ನು ನೇಮಿಸುತ್ತಾರೆ, ಅದರ ಅಧ್ಯಕ್ಷರು ಮೇಯರ್ ಕೆಲಸ ನೋಡಿಕೊಳ್ಳುತ್ತಾರೆ. ಫ್ರಾನ್ಸಿನಲ್ಲಿ ಕಮ್ಯೂನಿನ ಹೆಸರನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲವೆಂದು ನನಗೆ ಅನ್ನಿಸುತ್ತದೆ. ತಮ್ಮ ಮನೆಯೊಡತಿಯ ಹಟ ವೃದ್ಧಾಪ್ಯದ ಹಟವಲ್ಲ.

ಸೇರಿದವರು ಬೇರೆಯಾಗಬಹುದೇ ಎಂದು ಮುಂದೆ ಯಾರಾದರೂ ಕೇಳಬಹುದು. ಅದು ಬಹಳ ಅಪರೂಪ. ಕಲ್ವಾಡೋಸ್ ಜಿಲ್ಲೆಯಲ್ಲಿ ತ್ರೋಆರ್ನ್ ಮತ್ತು ಸಾನೆರ್ವಿಲ್ ಎಂಬೆರಡು ಊರುಗಳು 2017ರ ಜನವರಿಯಲ್ಲಿ ಸೇರಿ ಸಾಲಿನ್ ಎಂಬ ಕಮ್ಯೂನ್ ಆಗಿದ್ದವು. ನ್ಯಾಯಾಲಯ ಆ ಆದೇಶವನ್ನು ರದ್ದುಗೊಳಿಸಿದ್ದರಿಂದ 2019ರ ಕೊನೆಯ ದಿನ ಮತ್ತೆ ಎರಡಾದವು.

---

ಉತ್ತರ 4: ಲಿಯೋಂನ ಅನುವಾದಕ

ನಾರ್ಮಂಡಿಯ ಸೋದರಿಯವರ ಆಕ್ಷೇಪ ನ್ಯಾಯವಾದದ್ದು. ಹೆಸರಿನ ಪ್ರಾಚೀನತೆಯನ್ನು ಹೇಳಿ ಹಕ್ಕಿನ ಪ್ರಶ್ನೆಯನ್ನು ಬದಿಗಿಟ್ಟದ್ದು ನನ್ನ ತಪ್ಪು, ತಿದ್ದಿಕೊಳ್ಳುತ್ತೇನೆ. ಬೀದಿ ಹೆಸರಿನ ಬಗ್ಗೆ ಒಂದು ಮಾಹಿತಿ: 2022ರ ಫೆಬ್ರವರಿ 21ರ ಕಾನೂನಿನ ನಂತರ ಎರಡು ಸಾವಿರಕ್ಕಿಂತ ಕಡಿಮೆ ಜನರಿರುವ ಕಮ್ಯೂನ್‌ಗಳೂ ಎಲ್ಲ ದಾರಿಗಳಿಗೆ ಹೆಸರನ್ನೂ ಮನೆಗಳಿಗೆ ಸಂಖ್ಯೆಯನ್ನೂ ಕೊಡಬೇಕು. ಅವರ ಅತ್ತೆಯವರು ಅನುಭವಿಸಿದಂಥ ರಾತ್ರಿಗಳು ಇದರಿಂದ ಕಡಿಮೆಯಾಗಬೇಕು.

ತುಲೂಜ್‌ನವರಿಗೆ ಇನ್ನೆರಡು ಸಂಗತಿ ತಿಳಿಸಬೇಕು. ವಿಲೀನವಾಗದೆ ಇದ್ದಿದ್ದರೂ ಸೆಮ್‌ನಲ್ಲಿ ಹುಟ್ಟಿದವರು ಎಂದು ದಾಖಲಾಗುವ ಮಕ್ಕಳು ಈಗ ಇರುತ್ತಿರಲಿಲ್ಲ, ಏಕೆಂದರೆ ಜನನ ನೋಂದಣಿಯಾಗುವುದು ತಾಯಿಯ ಮನೆಯಿರುವ ಊರಿನಲ್ಲಲ್ಲ, ಹೆರಿಗೆಯಾದ ಊರಿನಲ್ಲಿ. ಆ ಕಣಿವೆಯ ಹೆರಿಗೆಗಳು ಈಗ ಫ್ವಾ ಪಟ್ಟಣದ ಬಳಿಯ ಆಸ್ಪತ್ರೆಯಲ್ಲಿ ಆಗುತ್ತವೆ. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದವರು ತಮ್ಮ ಮನೆಯೊಡತಿ.

ಎರಡನೆಯದು, ಅವರ ಆರೋಗ್ಯ ವಿಮೆಯ ಹಸಿರು ಕಾರ್ಡ್ ತೆಗೆದು ನೋಡಿ. ಅದರ ಮೇಲಿನ ಸಾಮಾಜಿಕ ಭದ್ರತಾ ಸಂಖ್ಯೆಯಲ್ಲಿ ಮೊದಲ ಅಂಕಿ ಹೆಂಗಸರಿಗೆ 2, ನಂತರ ಹುಟ್ಟಿದ ವರ್ಷದ ಎರಡು ಅಂಕಿ, ತಿಂಗಳಿನ ಎರಡು ಅಂಕಿ, ಆಮೇಲೆ ಜಿಲ್ಲೆಯ ಎರಡು ಅಂಕಿ. ಆರಿಯೇಜ್ ಜಿಲ್ಲೆಗೆ 09. ಅದರ ಪಕ್ಕದ ಮೂರು ಅಂಕಿಗಳು ಹುಟ್ಟಿದ ಕಮ್ಯೂನಿನವು. ಅವರ ಸಂಖ್ಯೆಯಲ್ಲಿ ಇರುವುದು ಸೆಮ್‌ಗೆ ಕೊಟ್ಟಿದ್ದ ಅಂಕಿಗಳು. ವಿಲೀನವಾಯಿತೆಂದು ಅವನ್ನು ಬದಲಾಯಿಸುವುದಿಲ್ಲ.

---

ಪ್ರಶ್ನೆ ಕೇಳಿದವರು: ತುಲೂಜ್ ನಿವಾಸಿ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಕಾಗದದ ಅರ್ಜಿ ಇಂದು ಬೆಳಿಗ್ಗೆ ಬಂತು, ಸೆಮ್ ಎಂದು ಬರೆದೆ, ಅವರು ಸಹಿ ಮಾಡಿದರು, ಮಧ್ಯಾಹ್ನ ಅಂಚೆಗೆ ಹಾಕಿಬಂದೆ.

ಸೋಸ್ ಎಂಬ ಹೆಸರಿನ ಬಗ್ಗೆ ಹೇಳಿದಾಗ ಅವರು ಅದನ್ನು ಅಲ್ಲಗಳೆಯಲಿಲ್ಲ. ತಂದೆ ರಾಂಸಿಯೇ ಗಣಿಯಲ್ಲಿ ಕೊನೆಯವರೆಗೂ ದುಡಿದಿದ್ದರೆಂದೂ, ತಾನು ಹುಟ್ಟುವ ಮೊದಲೇ ಗಣಿ ಮುಚ್ಚಿತ್ತೆಂದೂ, ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಬುಟ್ಟಿ ಮಾತ್ರ ಕೊಟ್ಟಿಗೆಯಲ್ಲಿ ಬಹಳ ವರ್ಷ ಇತ್ತೆಂದೂ, ಅದರಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತೆಂದೂ ಹೇಳಿದರು. ಬಸ್ಸಿನ ಮಾತು ಓದಿದಾಗ ನಾರ್ಮಂಡಿಯವರಿಗೆ ತಮ್ಮ ನಮಸ್ಕಾರ ತಿಳಿಸಲು ಹೇಳಿದ್ದಾರೆ.

ಆಮೇಲೆ ಹಸಿರು ಕಾರ್ಡ್ ತಂದು ಸಂಖ್ಯೆಯನ್ನು ಓದತೊಡಗಿದೆ. ನಾನು 09 ಎನ್ನುವಷ್ಟರಲ್ಲಿ ಮುಂದಿನ ಮೂರು ಅಂಕಿಗಳನ್ನು ಅವರೇ ಹೇಳಿದರು. ಔಷಧಿ ಅಂಗಡಿಯಲ್ಲಿ ಹೇಳಿ ಹೇಳಿ ಅವರಿಗೆ ಪೂರ್ತಿ ಸಂಖ್ಯೆ ಬಾಯಿಪಾಠವಾಗಿತ್ತು. ಆ ಮೂರು ಅಂಕಿಗಳೇ ಸೆಮ್ ಎಂದು ಹೇಳಿದೆ. ಮತ್ತೊಮ್ಮೆ ಓದು ಎಂದರು.